ಕಂಟ್ರೋಲರ್ ಕಾಕಾ ಆಮೆನ್ ಅನ್ನದ ದಿನ

ಕಳೆದ ವಾರ ನನಗೆ ಗಂಟಲು ಕಟ್ಟಿತ್ತು. ಚಿಕ್ಕೋಡಿ ಪೇಟೆಯಲ್ಲಿ ಬೇರು, ಚಕ್ಕೆ ಮಾರುವ ಅಂಗಡಿಯವನು ಜ್ಯೇಷ್ಠಮಧುವಿನ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಬಸ್ಸಿನಲ್ಲಿ ಕುಳಿತು ಅದನ್ನು ಹಲ್ಲಿನಲ್ಲಿ ಕಡಿದೆ. ಮೊದಲು ಒಣಮಣ್ಣಿನ ವಾಸನೆ, ಆಮೇಲೆ ನಾಲಿಗೆಯ ಬುಡದಲ್ಲಿ ತಡವಾಗಿ ಬರುವ ಆ ಸಿಹಿ... ರಾಯಬಾಗದ ಬಸ್ ಸ್ಟ್ಯಾಂಡು, ಅಲ್ಲಿಯ ಕಂಟ್ರೋಲರ್ ಖೋಲಿ, ಕಿಟಕಿಯ ಸರಳುಗಳ ಹಿಂದೆ ಕಾಣುತ್ತಿದ್ದ ಖಾಕಿ ಅಂಗಿ ಎಲ್ಲ ಒಟ್ಟಿಗೇ ಬಂದವು. ಅಂಗಿ ಖಾಕಿಯೇ ಆಗಿತ್ತೇ, ಬಿಳಿಯೇ? ಈಗ ಹೇಳಲಾರೆ. ಅದರ ಜೇಬಿನಲ್ಲಿ ಯಾವಾಗಲೂ ಇಂಥದೇ ಒಂದು ತುಂಡು ಇರುತ್ತಿದ್ದದ್ದು ಮಾತ್ರ ಖಂಡಿತ.

ಊರೆಲ್ಲ ಅವರನ್ನು ಕಂಟ್ರೋಲರ್ ಕಾಕಾ ಅನ್ನುತ್ತಿತ್ತು. ಬಸ್ಸು ಬಂದಾಗ, ಹೊರಟಾಗ ಮೈಕಿನಲ್ಲಿ ಕೂಗಿ ಹೇಳುವುದು ಅವರ ಕೆಲಸ. ಹಾರೂಗೇರಿ, ಮುಗಳಖೋಡ, ಅಥಣಿ ಎಂದು ಕನ್ನಡದಲ್ಲಿ. ಮಿರಜ್ ಕಡೆಯ ಗಾಡಿಯಾದರೆ ಮರಾಠಿಯಲ್ಲಿ ಇನ್ನೊಮ್ಮೆ. ಅವರ ಬಾಯಲ್ಲಿ ಊರಿನ ಹೆಸರು ಕೇಳಿದರೆ, ಅಲ್ಲಿ ಕೆಲಸವಿಲ್ಲದವರಿಗೂ ಆ ಬಸ್ಸು ಹತ್ತಬೇಕು ಅನಿಸುತ್ತಿತ್ತು.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಊರಿನಲ್ಲಿದ್ದ ನಾಲ್ಕಾರು ಕ್ರೈಸ್ತ ಮನೆಗಳಲ್ಲಿ ನಮ್ಮವೆರಡು. ಕಬ್ಬಿನ ಹೊಲಗಳು ಶುರುವಾಗುವಲ್ಲಿ ತಗಡಿನ ಮಾಡಿನ ಪ್ರಾರ್ಥನಾಮಂದಿರವಿತ್ತು. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಿನಿಮಾ ಹಾಡು ಹಚ್ಚಿಕೊಂಡು ಪಕ್ಕದಲ್ಲೇ ಹೋಗುತ್ತಿದ್ದವು. ಪಾಸ್ಟರ್ ಆದರೆ ಬೋಧನೆ ನಿಲ್ಲಿಸಿ ಅವು ದಾಟುವವರೆಗೆ ಕಾಯುತ್ತಿದ್ದರು. ಕಾಕಾ ಪ್ರಾರ್ಥನೆಗೆ ನಿಂತಾಗ ಕಾಯುವ ಪ್ರಮೇಯವೇ ಇರಲಿಲ್ಲ. ಟ್ರ್ಯಾಕ್ಟರಿನ ಹಾಡೇ ಕೇಳುತ್ತಿರಲಿಲ್ಲ.

ಅವರ ಪ್ರಾರ್ಥನೆಗೆ ಒಂದು ಕ್ರಮವಿತ್ತು. ಮೊದಲು ದೇವರ ಮಹಿಮೆ, ಆಮೇಲೆ ನಾಡನ್ನು ಆಳುವವರು, ಆಮೇಲೆ ಮಳೆ ಬೆಳೆ, ಕೊನೆಗೆ ರೋಗಿಗಳು. ರೋಗಿಗಳ ಹೆಸರು ಅವರವರ ಊರಿನ ಸಮೇತ, ಅದೂ ಬಸ್ಸು ನಿಲ್ಲುವ ಸರದಿಯಲ್ಲೇ ಬರುತ್ತಿತ್ತು. ಭಾಷೆ ಪುಸ್ತಕದ್ದು. 'ಕರುಣಾಮಯನಾದ ತಂದೆಯೇ' ಎಂದು ಅವರು ಎತ್ತಿಕೊಂಡರೆ ಹೆಂಗಸರ ಕಡೆಯಿಂದ ಆಗಲೇ ಮೂಗೆಳೆಯುವ ಸದ್ದು. ನಮ್ಮ ಬಲವನ್ನು ನೆಚ್ಚಬಾರದು, ದೇವರನ್ನೇ ನೆಚ್ಚಬೇಕು ಎಂಬುದು ಅವರ ಪ್ರೀತಿಯ ಮಾತು. ಅದನ್ನು ಅವರು ಹೇಳುವಾಗ ತಗಡು ಸಣ್ಣಗೆ ನಡುಗುತ್ತಿತ್ತು ಎಂದು ನನ್ನ ನೆನಪು.

ಬೇರೆಯವರ ಪ್ರಾರ್ಥನೆ ಅವರಿಗೆ ಹಿಡಿಸುತ್ತಿರಲಿಲ್ಲ. ಪ್ರಾರ್ಥನೆಗೆ ತಲೆ ಬಾಲ ಇರಬೇಕು ಅನ್ನುತ್ತಿದ್ದರು. ಯಾರಾದರೂ ತಡವರಿಸಿದರೆ ಅವರೇ ಎತ್ತಿಕೊಂಡು ಮುಗಿಸಿಬಿಡುತ್ತಿದ್ದರು. ಅವರ ಹೆಂಡತಿ, ನಾವು ಕಾಕು ಅನ್ನುತ್ತಿದ್ದವರು, ಮದುವೆಯಾದ ಹೊಸತರಲ್ಲಿ ಒಮ್ಮೆ ಬಾಯಿಬಿಟ್ಟು ಪ್ರಾರ್ಥಿಸಲು ಹೋಗಿದ್ದರಂತೆ. ಎರಡು ಮಾತು ಆಗುವುದರೊಳಗೆ ಕಾಕಾ ಮುಂದಿನದನ್ನು ತಾವೇ ಹೇಳಿ ಮುಗಿಸಿದರಂತೆ. ಆಮೇಲೆ ಕಾಕು ಸಭೆಯಲ್ಲಿ ಆಮೆನ್ ಬಿಟ್ಟು ಬೇರೆ ಮಾತಾಡಿದ್ದು ತನಗೆ ಗೊತ್ತಿಲ್ಲ ಎಂದು ನನ್ನ ಅವ್ವ ಹೇಳುತ್ತಿದ್ದಳು.

ಊರವರಿಗೆ ಇದರ ಅರಿವಿರಲಿಲ್ಲ. ಕಂಟ್ರೋಲರ್ ಕಾಕಾನ ಪ್ರಾರ್ಥನೆ 'ಹತ್ತತೈತಿ', ಫಲ ಕೊಡುತ್ತದೆ ಎಂಬ ನಂಬಿಕೆ ಸಭೆಯ ಹೊರಗೂ ಹಬ್ಬಿತ್ತು. ಮಗುವಿಗೆ ಜ್ವರವೆಂದು, ಎಮ್ಮೆ ಮೇವು ಬಿಟ್ಟಿತೆಂದು ಯಾವ ಯಾವ ಜಾತಿಯವರೋ ಎಣ್ಣೆಯ ಬಾಟಲಿ ಹಿಡಿದು ಆ ಖೋಲಿಗೆ ಬರುತ್ತಿದ್ದರು. ಕಾಕಾ ಎರಡು ಬಸ್ಸುಗಳ ನಡುವೆ ಬಿಡುವು ಮಾಡಿಕೊಂಡು, ಮೈಕು ಬಂದ್ ಮಾಡಿ, ಎಣ್ಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಒಂದು ದಿನ ಜ್ವರದ ಮಗುವೊಂದಕ್ಕಾಗಿ ಪ್ರಾರ್ಥಿಸುವಾಗ ಬಂದ್ ಮಾಡುವುದನ್ನು ಮರೆತರು. ಪ್ರಾರ್ಥನೆ ಇಡೀ ಸ್ಟ್ಯಾಂಡಿನ ಮೇಲೆ ಬಿತ್ತು. ಶೇಂಗಾ ಮಾರುವವರು ತಲೆಯ ಮೇಲಿನ ಬುಟ್ಟಿ ಇಳಿಸಿದರು, ಅಥಣಿ ಗಾಡಿಯ ಡ್ರೈವರು ಇಂಜಿನ್ನು ನಿಲ್ಲಿಸಿ ಕೈಮುಗಿದ. ಆ ಮಗು ಎದ್ದು ಆಡತೊಡಗಿದ ಮೇಲೆ, ಮೈಕಿನಲ್ಲಿ ಮಾಡಿದರೆ ಬೇಗ ಮುಟ್ಟುತ್ತದೆ ಎಂದು ಜನ ಆಡಿಕೊಂಡರು. ಕಾಕಾ ಅದನ್ನು ಹೇಳಿಕೊಂಡು ನಗುತ್ತಿದ್ದರು. ನಗುವಿನಲ್ಲಿ ಹೆಮ್ಮೆ ಇರಲಿಲ್ಲ ಎನ್ನಲಾರೆ.

ಆಗ ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ, ಚಿಕ್ಕೋಡಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ದಿನವೂ ಅವರ ಕಿಟಕಿಯ ಮುಂದೆಯೇ ಬಸ್ಸು ಹತ್ತಬೇಕು. ಭಾನುವಾರ ಸಭೆಗೆ ಹೋಗುವುದನ್ನು ಬಿಟ್ಟಿದ್ದೆ. ಕಾಕಾ ಅದಕ್ಕೆ ಸಿಟ್ಟಾಗಲಿಲ್ಲ.

"ಏನ್ಲೇ ಪ್ರೊಫೆಸರ, ಇವತ್ತ ದೇವರು ಅದಾನೋ ಇಲ್ಲೋ?"

"ನಿಮ್ಮ ಚಿಕ್ಕೋಡಿ ಗಾಡಿಯಂಗರಿ ಕಾಕಾ. ಇನ್ನೂ ಬಂದಿಲ್ಲ."

"ಬಂದಿಲ್ಲ ಅಂದ್ರ ಇಲ್ಲಂತ ಅಲ್ಲಲೇ ಮಗನ. ಲೇಟ್ ಐತಿ ಅಂತ."

ಇಂಥ ಮಾತಿಗೆ ಸುತ್ತಲಿನವರೂ ನಗುತ್ತಿದ್ದರು. ನನಗೆ ಅವರು ಇಷ್ಟವಾಗಿದ್ದರು. ದೇವರಿಲ್ಲದೆಯೂ ಆ ದನಿ ಇರಬಲ್ಲದು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಆ ದನಿ ಒಡೆಯತೊಡಗಿದ್ದು ಎರಡು ಸಾವಿರದ ಹತ್ತರ ಆಚೀಚೆ. ಮೊದಲು ಧೂಳು ಎಂದರು, ಆಮೇಲೆ ಥಂಡಿ ಎಂದರು. ಜ್ಯೇಷ್ಠಮಧು ಹೆಚ್ಚಾಯಿತು, ಉಪ್ಪುನೀರು ಹೆಚ್ಚಾಯಿತು. ದವಾಖಾನೆಗೆ ಹೋಗೋಣ ಎಂದು ಕಾಕು ಬೆನ್ನುಬಿದ್ದರೆ, ತನ್ನ ಸೇವೆಗೆ ಬೇಕಾದ ದನಿಯನ್ನು ದೇವರು ತಾನೇ ಕಾಯುತ್ತಾನೆ ಎಂದು ಬಾಯಿ ಮುಚ್ಚಿಸಿದರು. ಅದನ್ನು ಎಲ್ಲರೂ ವಿಶ್ವಾಸ ಎಂದೇ ತಿಳಿದರು. ಕೊನೆಗೆ ಮಿರಜ್‌ನ ದೊಡ್ಡ ದವಾಖಾನೆಗೆ ಹೋದಾಗ ಡಾಕ್ಟರು ಹೇಳಿದ್ದು ಒಂದೇ: ಜೀವ ಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಅದೂ ಬೇಗ.

ಕಾಕಾ ಒಪ್ಪಲಿಲ್ಲ. ಸಾವಿಗೆ ಹೆದರಿರಲಿಲ್ಲ ಎಂದು ಕಾಣುತ್ತದೆ. ಮೂಕನಾಗಿ ದೇವರ ಮುಂದೆ ಹೇಗೆ ನಿಲ್ಲಲಿ ಎಂದು ನನ್ನ ಅಪ್ಪನ ಹತ್ತಿರ ಅತ್ತರಂತೆ. ವಾರಗಳು ಹೋದವು. ಉಸಿರು ಸಿಕ್ಕಿಕೊಳ್ಳತೊಡಗಿದ ಮೇಲೆ ಹೂಂ ಎಂದರು.

ಮಿರಜ್‌ಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವರ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಪಾಸ್ಟರ್ ಬೇರೆ ಊರಿಗೆ ಹೋದವರು ಬಂದು ಮುಟ್ಟಿರಲಿಲ್ಲ. ನೆರೆಯವನೆಂದು ನಾನೂ ಬಾಗಿಲ ಹತ್ತಿರ ಕುಳಿತಿದ್ದೆ. ಹಾಡು ಮುಗಿಯಿತು. ಇನ್ನು ಯಾರಾದರೂ ಪ್ರಾರ್ಥಿಸಬೇಕು.

ಯಾರೂ ಎತ್ತಿಕೊಳ್ಳಲಿಲ್ಲ. ಇಷ್ಟು ವರ್ಷ ಎಲ್ಲರ ಪರವಾಗಿ ಅವರೊಬ್ಬರೇ ಮಾಡಿದ್ದರು. ಅವರ ಪರವಾಗಿ ಮಾಡುವುದು ಯಾರಿಗೂ ಬರುತ್ತಿರಲಿಲ್ಲ. ಬಂದರೂ, ಅವರ ಎದುರಿಗೆ ಬಾಯಿ ತೆರೆಯುವ ಧೈರ್ಯವಿರಲಿಲ್ಲ. ಕಾಕಾ ಒಬ್ಬೊಬ್ಬರ ಮುಖ ನೋಡಿದರು. ಒಬ್ಬೊಬ್ಬರೂ ತಲೆ ತಗ್ಗಿಸಿದರು. ಆಮೇಲೆ ಅವರು ನನ್ನ ಕಡೆ ಕೈಮಾಡಿದರು. ದನಿ ಆಗಲೇ ಬರೀ ಗಾಳಿಯಾಗಿತ್ತು.

"ನೀ ಮಾಡಪಾ ಪ್ರೊಫೆಸರ."

"ನನಗ ನಂಬಿಕಿ ಇಲ್ಲರಿ ಕಾಕಾ. ನಿಮಗ ಗೊತ್ತೈತಿ."

"ಮಾತ ಬರ್ತಾವಲ್ಲ ನಿನಗ. ಸಾಕು, ಮಾಡು."

ಒಲ್ಲೆ ಎನ್ನಲು ಆಗಲಿಲ್ಲ. ಗಂಟಲು ಕೊಯ್ಯಿಸಿಕೊಳ್ಳಲು ನಾಳೆ ಹೊರಡುವ ಮನುಷ್ಯ ಕೇಳುತ್ತಿದ್ದರು. ಎದ್ದು ನಿಂತೆ. ಏನು ಹೇಳಬೇಕೆಂದು ಯೋಚಿಸುವ ಮೊದಲೇ 'ಕರುಣಾಮಯನಾದ ತಂದೆಯೇ' ಎಂದು ಬಂತು. ಚಿಕ್ಕಂದಿನಿಂದ ಕೇಳಿದ್ದು ಹಾಗೇ ಸರಾಗವಾಗಿ ಹರಿಯಿತು. ಮಹಿಮೆ, ಆಳುವವರು, ಮಳೆ ಬೆಳೆ, ಆಮೇಲೆ ಆ ರೋಗಿಗಳು, ಹಾರೂಗೇರಿಯವರು, ಮುಗಳಖೋಡದವರು... ಎಲ್ಲಿ ದನಿ ಏರಿಸಬೇಕು, ಎಲ್ಲಿ ತಡೆದು ಉಸಿರೆಳೆಯಬೇಕು ಎಂಬುದೂ ಅವರದೇ. ಕೊನೆಗೆ ಕಾಕಾರ ಹೆಸರು ಬಂದಾಗ ಹೆಂಗಸರು ಬಿಕ್ಕುತ್ತಿದ್ದರು. ನನ್ನೊಳಗೆ ಏನೂ ಆಗಿರಲಿಲ್ಲ. ಒಳ್ಳೆಯ ಪಾಠ ಮುಗಿಸಿದಾಗ ಆಗುವಷ್ಟು ಸಮಾಧಾನ, ಅಷ್ಟೇ. ಎಲ್ಲರೂ ಜೋರಾಗಿ ಆಮೆನ್ ಎಂದರು.

ಕಾಕಾ ಅನ್ನಲಿಲ್ಲ. ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಕೇಳಬಾರದ್ದನ್ನು ಕೇಳಿದವರ ಹಾಗೆ ಮುಖ ಕಪ್ಪಿಟ್ಟಿತ್ತು. ನಾನು ಅಣಕಿಸಿದೆ ಎಂದುಕೊಂಡರೇನೋ ಎಂದು ಹತ್ತಿರ ಹೋಗಿ ಕುಳಿತೆ.

"ನಂದ ಪ್ರಾರ್ಥನಿ ಅದು," ಅಂದರು. "ನಂಬಲಾರದವನ ಬಾಯಾಗೂ ಇಷ್ಟ ಚಂದ ಬಂತಲ್ಲೋ. ಹಂಗಾದ್ರ ಅದರಾಗ ದೇವರದ ಏನಿತ್ತು?"

ಬರೇ ಧ್ವನಿಯಿಂದ ಜನರ ಕಣ್ಣಲ್ಲಿ ನೀರು ತರಿಸಬಹುದು ಎಂದು ನಾನು ತರಗತಿಯಲ್ಲಿ ಹೇಳಬಹುದಾಗಿದ್ದ ಮಾತು ಅದು. ಅದನ್ನು ಈ ಮನುಷ್ಯ ತನ್ನ ಜೀವಮಾನದ ಮೇಲೆ ಹೊರಿಸಿಕೊಂಡು ಕುಳಿತಿದ್ದರು. ಜಮಖಾನೆಯ ಮೇಲೆ, ಎಲ್ಲರ ನಡುವೆ, ನನಗೆ ಎದ್ದು ಹೋಗಬೇಕು ಅನಿಸಿತು. ಕಾಕಾ ಹೆಂಗಸರ ಕಡೆ ತಿರುಗಿ ಹೆಂಡತಿಯನ್ನು ಹುಡುಕಿದರು.

"ನೀ ಮಾಡು."

ಕಾಕು ಗಾಬರಿಯಾಗಿ ಸೆರಗು ಬಾಯಿಗೆ ಒತ್ತಿಕೊಂಡರು. "ನನಗ ಬರಾಂಗಿಲ್ಲರಿ."

"ಅದಕ್ಕ ಹೇಳಾಕತ್ತೇನಿ. ಬರಾಂಗಿಲ್ಲ ಅಂತನ ಹೇಳು ಅವಗ."

ಆಮೇಲೆ ಕಾಕು ಕುಳಿತಲ್ಲಿಯೇ, ತಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳಿದ್ದು ಇಷ್ಟು ಎಂದು ನನ್ನ ನೆನಪು:

"ದೇವರ... ನಮಗ ಏನೂ ಬರಾಂಗಿಲ್ಲ. ನಮ್ಮ ಕೈಯಾಗ ಏನೂ ಇಲ್ಲ. ಇವರನ್ನ ಕೈ ಬಿಡಬ್ಯಾಡ."

ಅಲ್ಲಿಗೇ ನಿಂತಿತು. ಮುಂದಿನದನ್ನು ಯಾರೂ ಎತ್ತಿಕೊಂಡು ಮುಗಿಸಲಿಲ್ಲ. ಕಾಕಾ ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ಕುಳಿತಿದ್ದರು. ಆ ವಸ್ತ್ರದ ಒಳಗಿನಿಂದ ಆಮೆನ್ ಎಂದಂತೆ ಕೇಳಿಸಿತು. ದನಿ ಇಲ್ಲದವರದ್ದು ಆ ವಸ್ತ್ರ ದಾಟಿ ಕೇಳಿಸಿತೇ, ಕೇಳಿಸಿತೆಂದು ನಾನು ಅಂದುಕೊಂಡೆನೇ, ಗೊತ್ತಿಲ್ಲ.

ಆಪರೇಷನ್ ಆಯಿತು. ದನಿ ಹೋಯಿತು, ಜೀವ ಉಳಿಯಿತು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಸಭೆಗೆ ಬರುತ್ತಿದ್ದರು, ಎಲ್ಲಕ್ಕಿಂತ ಹಿಂದೆ ಕೂರುತ್ತಿದ್ದರು. ಅವರನ್ನು ನೋಡಲೆಂದೇ ನಾನೂ ಕೆಲವು ಭಾನುವಾರ ಹೋದೆ. ಕಬ್ಬು ಕಡಿಯುವವರು, ಸೊಸೆಯಂದಿರು, ಯಾರ್ಯಾರೋ ಒಡಕು ಮಾತಿನಲ್ಲಿ ಪ್ರಾರ್ಥಿಸತೊಡಗಿದ್ದರು. ತಲೆಯೂ ಇಲ್ಲ, ಬಾಲವೂ ಇಲ್ಲ. ಟ್ರ್ಯಾಕ್ಟರು ಬಂದರೆ ಏನೂ ಕೇಳಿಸುತ್ತಿರಲಿಲ್ಲ. ಪ್ರತಿಯೊಂದು ಮುಗಿದಾಗಲೂ ಕಾಕಾ ಅಂಗೈಯಿಂದ ಜಮಖಾನೆಯನ್ನು ಮೆಲ್ಲಗೆ ತಟ್ಟುತ್ತಿದ್ದರು. ಅದು ಅವರ ಆಮೆನ್. ಎಣ್ಣೆಯ ಬಾಟಲಿ ಹಿಡಿದು ಯಾರಾದರೂ ಮನೆಗೆ ಬಂದರೆ ತಮ್ಮ ಗಂಟಲು ತೋರಿಸಿ, ಆಮೇಲೆ ಮೇಲಕ್ಕೆ ಬೆರಳು ಮಾಡಿ, ನೀವೇ ಕೇಳಿಕೊಳ್ಳಿ ಎಂದು ಸನ್ನೆ ಮಾಡುತ್ತಿದ್ದರು. ಕೆಲವರು ಬೇಸರದಿಂದ ಎದ್ದು ಹೋಗುತ್ತಿದ್ದರು.

ಒಮ್ಮೆ ಅವರ ಕಟ್ಟೆಯ ಮೇಲೆ ಕುಳಿತಾಗ ನನ್ನ ಹಳೆಯ ಚಾಳಿ ಬಿಡಲಿಲ್ಲ. ಅಷ್ಟು ಪ್ರಾರ್ಥಿಸಿದರೂ ದನಿ ಹೋಯಿತಲ್ಲ, ದೇವರು ಕೇಳಲಿಲ್ಲ ಅಂತಾಯಿತಲ್ಲ ಎಂದೆ. ಕಾಕಾ ನಕ್ಕು ಕಾಕುವಿನ ಕಡೆ ನೋಡಿದರು. ಅವರು ಮೆಂತ್ಯೆಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದರು. ತಲೆ ಎತ್ತದೆಯೇ ಕಾಕು ಅಂದರು:

"ದನಿ ಯಾರ ಕೇಳಿದ್ರೋ ತಮ್ಮಾ? ಬಿಡಬ್ಯಾಡ ಅಂತ ಕೇಳಿದ್ವಿ. ಬಿಟ್ಟಿಲ್ಲ."

ಆ ಮಾತಿಗೂ ನನ್ನ ಹತ್ತಿರ ತರ್ಕವಿತ್ತು. ಆಡಲು ನಾಚಿಕೆಯಾಯಿತು.

ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು. ಕಾಕು ಕಳೆದ ಚಳಿಗಾಲದಲ್ಲಿ ಸದಲಗಾದ ಮಗಳ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಆ ಮಧ್ಯಾಹ್ನ ಪಡಸಾಲೆಯಲ್ಲಿದ್ದ ಒಂದಿಬ್ಬರು ಅಲ್ಲಿ ಸಿಕ್ಕರು. ಕಾಕು ಅವತ್ತು ನಿಜವಾಗಿ ಏನೆಂದು ಪ್ರಾರ್ಥಿಸಿದರು ಎಂದು ಕೇಳಿದೆ. ಒಬ್ಬರು ಮರಾಠಿಯಲ್ಲಿ ಏನೋ ಅಂದರು ಎಂದರು. ಇನ್ನೊಬ್ಬರಿಗೆ ಕಾಕು ಪ್ರಾರ್ಥಿಸಿದ್ದೇ ನೆನಪಿಲ್ಲ. ಮಾತೇನೂ ಆಡಲಿಲ್ಲ, ದೇವರ ಅಂತ ಕರೆದು ಅತ್ತಳು, ಅಷ್ಟೇ ಅನ್ನುತ್ತಾಳೆ ನನ್ನ ಅವ್ವ. ಹಾಗಾದರೆ ಮೇಲೆ ನಾನು ಬರೆದ ಮಾತುಗಳು ಕಟ್ಟೆಯ ಮೇಲೆ ಕಾಕು ಹೇಳಿದ್ದರಿಂದ ನಾನೇ ಹೆಣೆದುಕೊಂಡವು ಇರಬೇಕು. ಕೇಳೋಣವೆಂದರೆ ಈಗ ಇಬ್ಬರೂ ಇಲ್ಲ.

"ನಿಮ್ಮದಂತೂ ಭಾಳ ಚಂದ ಇತ್ತ ಬಿಡ್ರಿ ಸರ," ಎಂದರು ಆ ಇಬ್ಬರಲ್ಲಿ ಒಬ್ಬರು. "ಇವತ್ತೂ ನೆನಸ್ತೇವ್ರಿ."

ಹೌದು, ನನಗೂ ನೆನಪಿದೆ. ಆಳುವವರಿಂದ ಹಿಡಿದು ಮುಗಳಖೋಡದವರೆಗೆ ಒಂದಕ್ಷರವೂ ತಪ್ಪಿಲ್ಲ.