ಅರ್ಧ ರಸ್ತೆಯ ಮರ್ಯಾದೆ

ರಸ್ತೆಯೆಂಬುದು ನಾಗರಿಕತೆಯ ಮೊದಲ ಗುರುತು; ಊರನ್ನು ಊರಿಗೆ, ಮನುಷ್ಯನನ್ನು ಮನುಷ್ಯನಿಗೆ ಹತ್ತಿರ ತರುವ ಸಾಧನ. ನಮ್ಮೂರಿನವರ ಮಟ್ಟಿಗೆ ಅದು ಹುರುಳಿ ಒಕ್ಕುವ ಕಣ.

ನಮ್ಮೂರು ಹೊನ್ನವಳ್ಳಿ ಕಡೆಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿತ್ತು. ಎಪ್ಪತ್ತರ ದಶಕದಲ್ಲಿ ಆ ದಾರಿಗೆ ಟಾರು ಬಿದ್ದಾಗ ಊರ ಹಿರಿಯರು ಅದನ್ನು ಮೆಟ್ಟಿ, ಬಗ್ಗಿ ಮುಟ್ಟಿ ನೋಡಿ, ಸಗಣಿ ಸಾರಿಸುವ ಕೆಲಸವಿಲ್ಲದ ಕಣವೊಂದನ್ನು ಸರ್ಕಾರ ಪುಕ್ಕಟೆ ಕೊಟ್ಟಿದೆ ಎಂಬ ತೀರ್ಮಾನಕ್ಕೆ ಬಂದರು. ಅಂದಿನಿಂದ ತೋಟದಾಚೆಯ ಹೊಲಗಳ ಹುರುಳಿಯನ್ನು ಬುಡಸಮೇತ ಕಿತ್ತು ತಂದು ರಸ್ತೆಯ ಮೇಲೆ ಹರಡುವುದು ರೂಢಿಯಾಯಿತು. ಬಸ್ಸು, ಲಾರಿಗಳು ಅದರ ಮೇಲೆ ಹಾದು ಕಾಯಿ ಒಡೆದು ಕಾಳು ಉದುರಿಸುತ್ತಿದ್ದವು. ಎತ್ತಿಗಾದರೆ ಹುಲ್ಲು ಹಾಕಬೇಕು, ನೀರು ಕುಡಿಸಬೇಕು. ಬಸ್ಸು ಏನನ್ನೂ ಕೇಳುತ್ತಿರಲಿಲ್ಲ. ಡ್ರೈವರುಗಳು ಬೈಯುತ್ತಿದ್ದುದು ನಿಜ. ಬೈಗುಳದಿಂದ ಕಾಳಿಗೇನೂ ನಷ್ಟವಿರಲಿಲ್ಲ.

ನಷ್ಟವಿದ್ದದ್ದು ಬ್ರೇಕಿಗೆ. ಒಣಗಿದ ಹುರುಳಿಕಾಳಿನ ಮೇಲೆ ಚಕ್ರಕ್ಕೆ ಹಿಡಿತವಿರುವುದಿಲ್ಲ. ಬ್ರೇಕು ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಈ ಸಂಗತಿ ಊರಿನಲ್ಲಿ ಅರ್ಥವಾಗಿದ್ದದ್ದು ನಮ್ಮ ಚಿಕ್ಕಪ್ಪನೊಬ್ಬರಿಗೇ, ಏಕೆಂದರೆ ಊರಿನಲ್ಲಿ ಕಾರಿದ್ದದ್ದು ಅವರೊಬ್ಬರಿಗೇ.

ಅದೊಂದು ಹಳೆಯ ಕರಿ ಕಾರು. ಚಿಕ್ಕಪ್ಪ ಅದನ್ನು ಓಡಿಸುತ್ತಿದ್ದರು ಎನ್ನುವುದಕ್ಕಿಂತ ಜೊತೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು ಎನ್ನಬೇಕು. ಹೊರಡುವ ಮೊದಲು ನಾಲ್ಕು ಚಕ್ರಗಳನ್ನೂ ಒದ್ದು ನೋಡಿ, ನೀರು ನೋಡಿ, ಕನ್ನಡಿ ಒರೆಸಿ, ಒಳಗೆ ಕೂತವರಿಗೆಲ್ಲ ಮಾತಾಡಬಾರದೆಂದು ಹೇಳಿ, ಆಮೇಲೆ ಗೇರು ಹಾಕುತ್ತಿದ್ದರು. ತೊಡೆಯ ಮೇಲೆ ಇನ್ನೊಬ್ಬರನ್ನು ಕೂರಿಸಿಕೊಳ್ಳಲು ಮದುವೆಯ ದಿಬ್ಬಣದವರಿಗೂ ಬಿಡುತ್ತಿರಲಿಲ್ಲ. ತಿರುವಿನಲ್ಲಿ ಅವರು ಹೊಡೆಯುವ ಹಾರನ್ನು ಕೇಳಿ ಅರ್ಧ ಮೈಲಿ ದೂರದ ದನಗಳು ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದವು ಎಂದು ಜನ ಆಡಿಕೊಳ್ಳುತ್ತಿದ್ದರು. ಎಚ್ಚರವಾಗಿರುವವನನ್ನು ಕಂಡರೆ ನಮ್ಮ ಜನಕ್ಕೆ ನಗು ಬರುತ್ತದೆ. ಯಾಕೆಂದು ನನಗೆ ಇಂದಿಗೂ ತಿಳಿದಿಲ್ಲ.

ನಾನು ತಿಪಟೂರಿನಲ್ಲಿ ಕಾಲೇಜು ಓದುತ್ತಿದ್ದ ವರ್ಷ ಚಿಕ್ಕಪ್ಪನ ಮಗಳು, ನಾವೆಲ್ಲ ಅಕ್ಕ ಎನ್ನುತ್ತಿದ್ದವಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕಾಲು ಬಾತುಕೊಂಡಿತ್ತು. ಪರೀಕ್ಷೆ ಮಾಡಿದ ತಿಪಟೂರಿನ ಡಾಕ್ಟರಮ್ಮ, ಮನೆಯಲ್ಲಿ ಹೆರಿಗೆ ಮಾಡಿಸಬೇಡಿ, ನೋವು ಶುರುವಾದ ಕೂಡಲೇ ಕರೆತನ್ನಿ ಎಂದಿದ್ದರು. ಆಗ ಹುರುಳಿಯ ಕಾಲ. ಊರು ದಾಟಿದ ಮೇಲೆ ರಸ್ತೆ ಎತ್ತರದ ದಿಬ್ಬದ ಮೇಲೆ ಬಲಕ್ಕೆ ತಿರುಗುತ್ತದೆ. ಆ ತಿರುವಿಗೇ ಹುರುಳಿ ಹಾಕುತ್ತಿದ್ದರು. ಒಂದು ಪಕ್ಕ ಗುಡ್ಡ ಕಡಿದ ಗೋಡೆ, ಇನ್ನೊಂದು ಪಕ್ಕ ಕೆಳಗೆ ತೆಂಗಿನ ತೋಟ. ಚಿಕ್ಕಪ್ಪನಿಗೆ ಬೇಕಾಗಿದ್ದದ್ದು ಇಷ್ಟೇ: ಮಗಳನ್ನು ಕೂರಿಸಿಕೊಂಡು ಆ ತಿರುವು ದಾಟುವುದು.

ಆ ತಿರುವಿನಲ್ಲಿ ಹುರುಳಿ ಹರಡುತ್ತಿದ್ದ ಹೊಲದವನ ಹಟ್ಟಿಯಲ್ಲಿ ನಾಲ್ಕಾರು ಜನ ಸೇರಿ ತೆಂಗಿನಕಾಯಿ ಸುಲಿಯುತ್ತಿದ್ದಾಗ ಚಿಕ್ಕಪ್ಪ ಅಲ್ಲಿಗೆ ಹೋದರು. ಜೊತೆಯಲ್ಲಿ ನಾನೂ ಇದ್ದೆ.

"ಮಗಳ ಹೆರಿಗೆ ಆಗೋಗಂಟ ಆ ತಿರುವೊಂದನ್ನ ಬುಟ್ಬುಡ್ರಪ್ಪ," ಎಂದರು.

"ನಿಮ್ಮಗಳು ಅಂದ್ರೆ ನಮ್ಮಗಳಿದ್ದಂಗೆ ಯಜಮಾನ್ರೇ," ಎಂದ ಹೊಲದವನು. "ಆದ್ರೆ ಬಿಸಿಲು ಬೀಳೋದು ಅಲ್ಲೊಂದ್ಕಡೆ ಕಣ್ರೀ. ಮಿಕ್ಕ ರೋಡಿಗೆಲ್ಲ ತೆಂಗಿನ ನೆರಳು."

"ನಿಂಗೆ ಬಿಸಿಲು ಬೇಕು ಅಂತ ನಾನ್ ಸಾಯ್ಬೇಕೇನಯ್ಯ?"

"ಬುಡ್ತು ಅನ್ನಿ," ಎಂದಳು ಮೂಲೆಯಲ್ಲಿ ನಾರು ಒಟ್ಟುತ್ತಿದ್ದ ಅವನ ತಾಯಿ. "ನೀವು ಓಡ್ಸೋ ಜೋರಿಗೆ ಸಾಯೋದೆಲ್ಲಿ ಬಂತು? ಮೊನ್ನೆ ನಮ್ಮ ಕುಂಟು ಮೇಕೆ ನಿಮ್ ಕಾರ್ನ ಹಿಂದಕ್ಕಾಕ್ಬುಡ್ತು."

ಎಲ್ಲರೂ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಅದನ್ನು ಕಂಡು ಹೊಲದವನಿಗೆ ಪಾಪ ಅನ್ನಿಸಿರಬೇಕು. ಸುಲಿಯುತ್ತಿದ್ದ ಕಾಯಿ ಕೆಳಗಿಟ್ಟು ಗಂಭೀರವಾಗಿ ಕೇಳಿದ: "ಕಾರು ಒಂದೇ ತಾನೇ? ಅರ್ಧ ರೋಡು ಸಾಕಲ್ವ? ನೀವು ಹೋಗೋ ಎಡಗಡೆ ಖಾಲಿ ಬುಡ್ತೀವಿ. ಬಲಗಡೆ ಹಾಕ್ಕೋತೀವಿ."

"ಎದುರಿಗೆ ಬಸ್ ಬಂದ್ರೆ?"

"ಬಸ್ಸು ಹುಳ್ಳಿ ಮೇಲೆ ಬತ್ತದೆ. ಅದು ದಿನಾ ಬರೋದೇ ಅಲ್ವ?"

"ಖಾಲಿ ಕಡೆ ಕಂಡ್ರೆ ಅಲ್ಲಿಗೇ ನುಗ್ತಾನೆ ಕಣಯ್ಯ. ಯಾವ ಡ್ರೈವರಾದ್ರೂ ಅಷ್ಟೆ."

"ನಿಮ್ಗೆ ಅಂತ ಬುಟ್ಟಿರೋ ಕಡೆಗೆ ನುಗ್ತಾನ? ಹೆಂಗೆ ನುಗ್ತಾನೆ?"

ಚಿಕ್ಕಪ್ಪ ಮನೆಯ ಕಡೆ ಹೊರಟರು. ಗೌರವ ಕೊಟ್ಟವರ ಜೊತೆ ವಾದ ಮಾಡುವುದು ಕಷ್ಟ.

ಮಾರನೆಯ ದಿನ ತಿರುವಿನಲ್ಲಿ ಎಡ ಅರ್ಧ ಗುಡಿಸಿ ಸ್ವಚ್ಛ ಮಾಡಲಾಗಿತ್ತು. ಚಿಕ್ಕಪ್ಪನಿಗೆ ತಮ್ಮ ಪಾಲು ಯಾವುದೆಂದು ಗೊಂದಲವಾಗಬಾರದೆಂದು ರಸ್ತೆಯ ನಟ್ಟನಡುವೆ ತೆಂಗಿನಕಾಯಿ ಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟು ಸುಣ್ಣ ಬಳಿದಿದ್ದರು. ಚಿಕ್ಕಪ್ಪ ಸಂಜೆ ಹೋಗಿ ಅವನ್ನೆಲ್ಲ ಎತ್ತಿ ಚರಂಡಿಗೆ ಹಾಕಿದರು. ಬೆಳಗಾಗುವಷ್ಟರಲ್ಲಿ ಕಲ್ಲುಗಳು ಹೊಸ ಸುಣ್ಣದೊಂದಿಗೆ ಮತ್ತೆ ನಿಂತಿದ್ದವು.

"ಯಾವನೋ ಎತ್ತಾಕಿದ್ದ ಯಜಮಾನ್ರೇ. ನೀವು ಯೋಚ್ನೆ ಮಾಡ್ಬ್ಯಾಡಿ, ಮತ್ತೆ ಇಟ್ಟಿದೀವಿ," ಎಂದ ಹೊಲದವನು.

"ನಾನೇ ಕಣೋ ಎತ್ತಾಕಿದ್ದು."

ಅವನು ಇದೊಂದು ತಮಾಷೆಯೆಂದು ನಕ್ಕ. ಚಿಕ್ಕಪ್ಪ ಇನ್ನೊಂದೆರಡು ಸಲ ಎತ್ತಿ ಹಾಕಿದರು, ಅವರು ಮತ್ತೆ ಇಟ್ಟರು. ಆಮೇಲೆ ಚಿಕ್ಕಪ್ಪ ಆ ಕಡೆ ಹೋಗುವುದನ್ನೇ ಬಿಟ್ಟರು. ಜಗಲಿಯ ಮೇಲೆ ಕೂತು ಆ ದಿಕ್ಕಿಗೇ ನೋಡುತ್ತಿದ್ದರು. ಊಟಕ್ಕೆ ಎರಡು ಸಲ ಕರೆಯಬೇಕಾಗುತ್ತಿತ್ತು.

ಅಕ್ಕನಿಗೆ ನೋವು ಶುರುವಾದದ್ದು ಬೆಳಗ್ಗೆ, ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ. ಚಿಕ್ಕಪ್ಪ ಆಗಲೂ ನಾಲ್ಕು ಚಕ್ರ ಒದ್ದು ನೋಡಿದರು. ಹಿಂದಿನ ಸೀಟಿನಲ್ಲಿ ಅಕ್ಕನನ್ನು ಒರಗಿಸಿಕೊಂಡು ಕೂತಿದ್ದ ಚಿಕ್ಕಮ್ಮ, "ಇನ್ನಾದ್ರೂ ಹೊರಡ್ರೀ," ಎಂದು ಅಳುತ್ತಿದ್ದರು. ನಾನು ಮುಂದೆ ಕೂತೆ. ತಿರುವು ಇನ್ನೂ ದೂರವಿರುವಾಗಲೇ ಚಿಕ್ಕಪ್ಪ ಹಾರನ್ನಿನ ಮೇಲೆ ಕೈಯಿಟ್ಟವರು ತೆಗೆಯಲಿಲ್ಲ.

ನಮ್ಮ ಅರ್ಧ ರಸ್ತೆ ಬೆಳ್ಳಗೆ ಗೆರೆ ಎಳೆದಂತೆ ಸಿದ್ಧವಾಗಿತ್ತು. ಅದರೊಳಕ್ಕೆ ಕಾರು ಇಳಿಸಿ ಅರ್ಧ ತಿರುಗಿದ್ದೆವು, ಅಷ್ಟರಲ್ಲಿ ತಿಪಟೂರಿನಿಂದ ಬಂದ ಬಸ್ಸು ಅದೇ ಅರ್ಧದಲ್ಲಿ ನಮ್ಮ ಮುಖಕ್ಕೆ ನೇರವಾಗಿ ಬಂತು. ಎಡಕ್ಕೆ ಗುಡ್ಡದ ಗೋಡೆ. ಚಿಕ್ಕಪ್ಪ ಬಲಕ್ಕೆ ತಿರುಗಿಸಿದರು. ಮುಂದಿನ ಚಕ್ರ ಸುಣ್ಣದ ಕಲ್ಲು ಹತ್ತಿ ಇಳಿಯಿತು. ಅವರು ಬ್ರೇಕು ಒತ್ತಿದರು. ಚಕ್ರ ನಿಂತಿತು. ಕಾರು ಹುರುಳಿಯ ಮೇಲೆ, ಅವಸರವೇನೂ ಇಲ್ಲದೆ, ಅಡ್ಡಡ್ಡಲಾಗಿ ಜಾರಿಕೊಂಡು ಹೋಗಿ ದಿಬ್ಬ ಇಳಿದು ತೆಂಗಿನ ಮರಕ್ಕೆ ಬಡಿಯಿತು.

ನಮಗೆಲ್ಲ ತರಚು ಗಾಯ. ಅಕ್ಕ ಮುಂದಿನ ಸೀಟಿನ ಬೆನ್ನಿಗೆ ಹೊಟ್ಟೆ ಕೊಟ್ಟು ಬಿದ್ದಿದ್ದಳು.

ಊರಿಗೆ ಊರೇ ಓಡಿಬಂತು. ಹೊಲದವನೇ ಅಕ್ಕನನ್ನು ಎತ್ತಿಕೊಂಡು ದಿಬ್ಬ ಹತ್ತಿಸಿ ಬಸ್ಸಿನಲ್ಲಿ ಮಲಗಿಸಿದ. ಬಸ್ಸಿನ ಡ್ರೈವರು ಎಲ್ಲರಿಗೂ ಹೇಳುತ್ತಿದ್ದ: "ಹೋದ್ವಾರ ಹುಳ್ಳಿ ಬಳ್ಳಿ ಗಾಡಿ ಕೆಳಗೆ ಸುತ್ಕೊಂಡು ಹೊಗೆ ಬಂದಿತ್ತು ಕಣ್ರಪ್ಪ. ಬಸ್ ತುಂಬ ಜನ. ಖಾಲಿ ಇದ್ದ ಕಡೆ ಬಂದೆ." ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಬಿಸಿಲು ಅಲ್ಲೇ ಬೀಳುತ್ತದೆ ಎಂದವನ ಮಾತಿನಲ್ಲೂ ತಪ್ಪಿರಲಿಲ್ಲ. ಆ ತಿರುವಿನಲ್ಲಿ ಯಾರ ಮಾತಿನಲ್ಲೂ ತಪ್ಪಿರಲಿಲ್ಲ. ತಪ್ಪು ಮಾಡಿದವನೊಬ್ಬ ಸಿಕ್ಕಿದ್ದರೆ ಅವನನ್ನಾದರೂ ತಿದ್ದಬಹುದಿತ್ತು.

ಬಸ್ಸು ತಿಪಟೂರಿಗೆ ಹಿಂತಿರುಗಲು ಹುರುಳಿಯ ಮೇಲೆಯೇ ಹಿಂದೆ ಮುಂದೆ ಹೋಗಬೇಕಾಯಿತು. ಹೊಲದವನ ತಾಯಿ ಕಿಟಕಿಯ ಹತ್ತಿರ ಬಂದು ಡ್ರೈವರಿಗೆ, "ನಿಧಾನಕ್ಕೋಗಪ್ಪ, ಬಸುರಿ ಅವ್ಳೆ," ಎಂದಳು. ಚಿಕ್ಕಪ್ಪ ಮೆಟ್ಟಿಲ ಮೇಲೆ ನಿಂತಿದ್ದರು. ಹಣೆಯ ರಕ್ತ ಒರೆಸಿಕೊಂಡಿರಲಿಲ್ಲ.

ಮಗು ಹೊಟ್ಟೆಯಲ್ಲೇ ಹೋಗಿತ್ತು. ಅಕ್ಕ ಉಳಿದಳು, ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಚಿಕ್ಕಪ್ಪ ಕಾರನ್ನು ಗುಜರಿಗೆ ಹಾಕಿದರು. ಊರಿನಲ್ಲಿ ಕಾರಿಲ್ಲದ್ದರಿಂದ ಮರುವರ್ಷ ಆ ತಿರುವಿನಲ್ಲಿ ಹುರುಳಿಯನ್ನು ರಸ್ತೆಯ ಪೂರ್ತಿ ಅಗಲಕ್ಕೆ ಹರಡಿದರು.