ವಿಂಕೊನ ‘ಹೊಡಿ’

ಕ್ರೊಯೇಷಿಯಾದಿಂದ ವಲಸೆ ಬಂದವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದ ಫುಟ್‌ಬಾಲ್ ಕ್ಲಬ್ಬಿಗೆ ಬಡಗಿ ವಿಂಕೊನೇ ಕೋಚು. ಡಾಟ್‌ಕಾಂ ಭರಾಟೆಯಲ್ಲಿ ಬಂದು ಸೇರಿದ ಮೈಸೂರಿನ ಇಂಜಿನಿಯರ್ ಅನುರಾಗ್ ಅವನ ತಲೆ ಚಿಟ್ಟು ಹಿಡಿಸಿದ್ದ. ವಿಂಕೊನ ಭಾಷೆಯಲ್ಲಿ ‘ಹೊಡಿ’ ಅಂದರೆ ‘ಬಾ’. ಹಿಂದಕ್ಕೆ ಬರಲೆಂದು ಅವನು ‘ಹೊಡಿ, ಹೊಡಿ’ ಅಂತ ಗಂಟಲು ಹರಿಯುವ ಹಾಗೆ ಕೂಗಿದಷ್ಟೂ ಈ ಮಹಾರಾಯ ಚೆಂಡನ್ನು ರಸ್ತೆಗೆ ಒದೆಯುತ್ತಿದ್ದ. ಕೊನೆಗೊಂದು ದಿನ ಅನುರಾಗನ ಹೆಂಡತಿ ನಿಹಾರಿಕಾ ನಗುತ್ತಾ ವಿಂಕೊನಿಗೆ ಆ ಮಾತಿನ ಕನ್ನಡದ ಅರ್ಥ ಬಿಡಿಸಿ ಹೇಳಿದಳು. ಹಾಳಾಗಿ ಹೋಗಲಿ, ಇನ್ನು ಇವನ ಭಾಷೆಯಲ್ಲೇ ಕೂಗೋಣ ಅಂದುಕೊಂಡ ವಿಂಕೊ.

ಭಾನುವಾರದ ಮ್ಯಾಚು ಮುಗಿಯುತ್ತಾ ಬಂದಿತ್ತು. ಅನುರಾಗನ ಕಾಲಲ್ಲಿ ಚೆಂಡು, ಎದುರಿಗೆ ಖಾಲಿ ಗೋಲು. “ಹೊಡಿ” ಎಂದು ವಿಂಕೊ ಅರಚಿದ.

ಅನುರಾಗ್ ಚೆಂಡನ್ನು ಅಲ್ಲೇ ಬಿಟ್ಟು ಅವನ ಹತ್ತಿರ ಓಡಿಬಂದ.

“ನಿಹಾರಿಕಾ ಎಲ್ಲಾ ಹೇಳಿದ್ಲು ಕೋಚ್, ಹೊಡಿ ಅಂದ್ರೆ ಬಾ ಅಂತ. ಬಂದೆ.”