ಮುಂದಿನ ಸಾಲು ಬಿಟ್ಟುಕೊಟ್ಟ ಶಂಕ್ರೆವ್ವ

ಬೆಳ್ಳಿಚುಕ್ಕಿ ಇನ್ನೂ ಮಾಸಿಲ್ಲ. ತಿಕೋಟಾದ ಬಾವಿಕಟ್ಟೆಯ ಬಳಿ ಶಂಕ್ರೆವ್ವ ಸೆರಗು ಬಿಗಿದು ನಿಂತಿದ್ದಾಳೆ. ಬುತ್ತಿಗಂಟು ಹಿಡಿದು ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ.

"ಏ ಸತ್ಯವ್ವಾ, ನಿನ್ನ ಗಂಡ ಇನ್ನೂ ರೊಟ್ಟಿ ಬಡಿಯಾಕತ್ತಾನೇನ? ಹೊತ್ತು ಹೊಂಟತು, ಬಾ ಬೇ!"

ಸತ್ಯವ್ವ ಓಡುತ್ತಲೇ ಉತ್ತರ ಕೊಡುತ್ತಾಳೆ: "ನಿನಗೇನ ಯವ್ವಾ, ಗಂಡಿಲ್ಲ, ಕೂಸಿಲ್ಲ. ಊರ ಕೋಳೀನೂ ನೀನ ಎಬ್ಬಸತಿ!"

ಎಲ್ಲರೂ ನಗುತ್ತಾರೆ, ಶಂಕ್ರೆವ್ವನೂ.

ಜೋಳ ಕೀಳುವ ಈ ಗುಂಪಿಗೆ ಎರಡು ಸುಗ್ಗಿಯಿಂದ ಆಕೆಯೇ ಮುಂದಾಳು. ಮೊದಲ ಸಾಲು ಆಕೆಯದು. ಆಕೆಯ ಕೈ ಓಡಿದಂತೆ ಉಳಿದವರ ಕೈ ಓಡಬೇಕು. ಆಕೆ ಸೊಂಟ ನೆಟ್ಟಗೆ ಮಾಡಿದಾಗಲೇ ಎಲ್ಲರಿಗೂ ಪುರಸೊತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಕನಮಡಿಯಿಂದ ತವರಿಗೆ ಮರಳಿದವಳು. ಅಣ್ಣನ ಮನೆಯಲ್ಲಿ ಸಾರಿಗೆ ಉಪ್ಪೆಷ್ಟು ಎಂದೂ ಆಕೆಯನ್ನು ಯಾರೂ ಕೇಳುವುದಿಲ್ಲ. ಹೊಲದಲ್ಲಿ ಮಾತ್ರ ಇಪ್ಪತ್ತು ಹೆಂಗಸರು ಆಕೆಯ ಬೆನ್ನು ನೋಡಿ ಹೆಜ್ಜೆ ಇಡುತ್ತಾರೆ. ಆ ಸಾಲನ್ನು ಇವತ್ತು ಆಕೆ ಬಿಟ್ಟುಕೊಡಬೇಕು.

ಹೀಗೆ ಬಿಟ್ಟುಕೊಡುವ ಕಟ್ಟಳೆ ಹುಟ್ಟಿದ್ದು ಹೊಲದ ಬೇವಿನ ನೆರಳಲ್ಲಿ. ಊರ ಸಾಲೆಯಲ್ಲಿ ಕಲಿಸುವ ಮದೀನಾಬಿ ರಜೆಯ ದಿನ ಬುತ್ತಿಯ ಹೊತ್ತಿಗೆ ಬಂದು ಏನಾದರೂ ಓದಿ ಹೇಳುತ್ತಾರೆ. ಒಮ್ಮೆ ಅಮೆರಿಕದ ಸರಕಾರ ಹುಟ್ಟಿದ ಬಗೆಯ ಪುಸ್ತಿಕೆ ತಂದಿದ್ದರು. ಅಮೆರಿಕವೆಂದರೆ ಈ ಹೆಂಗಸರಿಗೆ ಸಾಲೆಗೆ ಹಾಲಿನಪುಡಿ ಕಳಿಸುವ ಊರು. ಅಲ್ಲಿಯ ಮೊದಲ ಅಧ್ಯಕ್ಷ ವಾಷಿಂಗ್ಟನ್, ಯುದ್ಧ ಗೆದ್ದವನು. ಬೇಕೆಂದಿದ್ದರೆ ಸಾಯುವತನಕ ಕೂರಬಹುದಿತ್ತು. ಎರಡು ಅವಧಿ ಮುಗಿಸಿ, ತಾನಾಗಿ ಕುರ್ಚಿ ಬಿಟ್ಟು ಹೊಲಕ್ಕೆ ಹೋದ.

"ಹ್ವಾದ, ಖರೆ. ಆ ಹೊಲದಾಗ ದುಡಿಯಾವರು ಯಾರಿದ್ರರಿ ಬಾಯಾರ?" ಎಂದಳು ಶಂಕ್ರೆವ್ವ.

ಮದೀನಾಬಿ ಪುಸ್ತಿಕೆ ಮಡಚಿದರು. "ಗುಲಾಮರು, ಶಂಕ್ರೆವ್ವ. ಎಲ್ಲಾರೂ ಸಮಾನ ಅಂತ ಬರದ ಜೆಫರ್ಸನ್ನನ ಹೊಲದಾಗೂ ಗುಲಾಮರ ಇದ್ರು."

ಶಂಕ್ರೆವ್ವ ಕೈಯಲ್ಲಿನ ರೊಟ್ಟಿ ಬುತ್ತಿಯ ಮೇಲಿಟ್ಟಳು. ಆಮೇಲೆ ಅಂದಳು: "ಕಸ ಬೆಳದ ಹೊಲದಾಗಿನ ಬೀಜನೂ ಹುಟ್ಟತೈತಿ. ಬೀಜ ತಗೋಳೂಣು, ಕಸ ಬ್ಯಾಡ."

ಅಲ್ಲಿ ಕಾಯ್ದೆ ಮಾಡುವವರು, ನಡೆಸುವವರು, ನ್ಯಾಯ ಹೇಳುವವರು ಬೇರೆಬೇರೆ ಎಂಬುದೂ ಆಕೆಗೆ ಹಿಡಿಸಿತು. ಅಂದಿನಿಂದ ಮುಂದಿನ ಸಾಲಷ್ಟೇ ಆಕೆಯದು. ಕೂಲಿಯ ಕಾಳು ಹಂಚುವವಳು ಹಾಜಿರಾಬಿ. ಹಂಚಿದವಳ ಪಾಲು ಕಟ್ಟಕಡೆಗೆ. ಜಗಳ ಬಂದರೆ ಮುದುಕಿ ಸೀತವ್ವನ ಮಾತು. "ಮೂರೂ ಒಬ್ಬಾಕಿ ಕೈಯಾಗಿದ್ರ, ಅಕೀನ ಅನ್ಯಾಯ ಮಾಡಿದ್ರ ಯಾರ ಮುಂದ ಅಳೂದು?" ಎಂದಳು ಶಂಕ್ರೆವ್ವ. ಎರಡು ಸುಗ್ಗಿಯಾದ ಮೇಲೆ ಮುಂದಾಳು ಬದಲಾಗಬೇಕೆಂದೂ ಆಯಿತು. ನಿನ್ನೆ ಕೈ ಎತ್ತಿ ಆರಿಸಿದ್ದು ಸತ್ಯವ್ವನನ್ನು.

ಬದುವಿನ ಮೇಲೆ ಹೊಲದ ಧಣಿ ಯಲಗೂರಪ್ಪ ಕಾದಿದ್ದಾರೆ. "ಇದೊಂದು ಸುಗ್ಗಿ ನೀನ ಇರು ಶಂಕ್ರೆವ್ವ. ಆ ಸತ್ಯವ್ವ ಬಾಯಿಲೆ ಜ್ವಾಳ ಕೀಳಾಕಿ!"

ಹೆಂಗಸರ ಮನಸ್ಸೂ ಹೊಯ್ದಾಡುತ್ತದೆ. "ಹೌದು ಬೇ, ನೀನ ಇರು."

ಅಷ್ಟರಲ್ಲಿ ಶಂಕ್ರೆವ್ವನ ಕೈ, ಆಕೆಗೇ ತಿಳಿಯದೆ, ಮೊದಲ ಸಾಲಿನ ದಂಟು ಹಿಡಿದಿದೆ. ಹಿಡಿತ ಸಡಿಲವಾಗಲು ಕೊಂಚ ಹೊತ್ತು ಬೇಕಾಗುತ್ತದೆ. "ವಾಷಿಂಗ್ಟನ್ನಗೂ ಹಿಂಗ ಅಂದಿರಬೇಕು," ಎಂದು ನಕ್ಕು, ದಂಟು ಬಿಟ್ಟು, ಕೊನೆಯ ಸಾಲಿಗೆ ನಡೆಯುತ್ತಾಳೆ.

ಸತ್ಯವ್ವ ಮೊದಮೊದಲು ಓಡುತ್ತಾಳೆ, ಏದುಸಿರು ಬಿಡುತ್ತಾಳೆ, ನಿಧಾನಕ್ಕೆ ಹದಕ್ಕೆ ಬರುತ್ತಾಳೆ.

"ಹಿಂದ ಹೆಂಗೈತಿ ಶಂಕ್ರಕ್ಕಾ?" ಹಾಜಿರಾಬಿ ಕೆಣಕುತ್ತಾಳೆ.

ಶಂಕ್ರೆವ್ವ ಬೇರಿನ ಮಣ್ಣು ಜಾಡಿಸುತ್ತಾಳೆ. "ಮುಂದಿದ್ದಾಗ ಬರೇ ಹೊಲ ಕಾಣತಿತ್ತು. ಈಗ ನೀವೆಲ್ಲಾರೂ ಕಾಣಾಕತ್ತೀರಿ."